ಸೋಮನಾಥಪುರದ ಕಂಬವನ್ನು ಲೇತ್‌ನಲ್ಲಿ ಕಡೆದು ಇಡಬಹುದಾ?

ಹಳೇ ಟರ್ನರ್, ಮೈಸೂರು

ಎಲ್ಲರಿಗೂ ನಮಸ್ಕಾರ. ಐದು ಫೋಟೋ ಹಾಕಿದ್ದೇನೆ, ನೋಡಿ. ಸೋಮನಾಥಪುರದ ಕೇಶವ ದೇವಸ್ಥಾನ, ಲೆಗೊದಲ್ಲಿ. ಸೆಟ್ ಅಲ್ಲ, ಮಾಕ್, ಅಂದರೆ ನಾನೇ ಯೋಚಿಸಿ ಕಟ್ಟಿದ್ದು. ಮೂರು ಗರ್ಭಗುಡಿಯಲ್ಲಿ ಒಂದು ಶಿಖರದವರೆಗೂ ಮುಗಿದಿದೆ. ಎರಡನೆಯದರ ಗೋಡೆ ಎದ್ದಿದೆ. ಮೂರನೆಯದಕ್ಕೆ ಗ್ರೇ ಬಣ್ಣದ ಬ್ರಿಕ್ ಸಾಲುತ್ತಿಲ್ಲ.

ನಾನು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಬ್ರಿಕ್‌ಗಳಲ್ಲಿ ಅರ್ಧದಷ್ಟು ಮಗಳು ಚಿಕ್ಕವಳಿದ್ದಾಗಿನವು. ಗಲ್ಫ್‌ನಲ್ಲಿದ್ದ ನನ್ನ ತಮ್ಮ ಊರಿಗೆ ಬಂದಾಗಲೆಲ್ಲ ಅವಳಿಗೆ ಒಂದೊಂದು ಡಬ್ಬಿ ತರುತ್ತಿದ್ದ. ಉಳಿದದ್ದು ಬಿಡಿಯಾಗಿ ಕೊಂಡದ್ದು.

ಮೊದಲು ನಕ್ಷತ್ರದ ವಿಷಯ. ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಾಗುತ್ತಿಲ್ಲ. ಅಲ್ಲಿನ ಗರ್ಭಗುಡಿಯ ತಳ 16 ಮೂಲೆಯ ನಕ್ಷತ್ರ. ನೋಡೋಕೆ ಗೋಜಲು, ಲೆಕ್ಕ ಮಾತ್ರ ಸರಳ. ಒಂದು ಚೌಕದ ನಡುವೆ ಮೊಳೆ ಹೊಡೆದು 22.5 ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ನಾಲ್ಕು ಚೌಕಕ್ಕೆ 16 ಮೂಲೆ ಸಿಗುತ್ತದೆ. ಅಂದರೆ ಪ್ರತಿ ಮೂಲೆಯೂ ಲಂಬಕೋನ. ಬ್ರಿಕ್‌ಗೆ ಬೇಕಾದದ್ದೇ ಅದು, ಅಲ್ವಾ? ಮೂಲೆಯನ್ನು ಮಾಮೂಲಿ ಬ್ರಿಕ್‌ನಲ್ಲೇ ಕಟ್ಟಬಹುದು, ಅದನ್ನು ತಿರುಗಿಸಿ ನಿಲ್ಲಿಸಬೇಕು ಅಷ್ಟೇ.

ಚೌಕ ಎಷ್ಟಿರಬೇಕು ಅನ್ನೋದೇ ಪ್ರಶ್ನೆ. 12 ಸ್ಟಡ್ (ಬ್ರಿಕ್ ಮೇಲಿನ ಗುಂಡು ಉಬ್ಬು) ತೆಗೆದುಕೊಂಡು ನೋಡಿದೆ. ಪ್ರತಿ ಮೂಲೆಯಲ್ಲಿ ಹೊರಗೆ ಚಾಚುವ ಮುಖದ ಅಗಲ 15.93 ಮಿ.ಮೀ. ಬಂತು. 2 ಸ್ಟಡ್‌ನ ಬ್ರಿಕ್ಕನ್ನು ವರ್ನಿಯರ್‌ನಲ್ಲಿ ಹಿಡಿದರೆ 15.8! ಸ್ಟಡ್ಡಿನಿಂದ ಸ್ಟಡ್ಡಿಗೆ 8 ಮಿ.ಮೀ. ಇದ್ದರೂ, ಪಕ್ಕದ್ದಕ್ಕೆ ಸಿಕ್ಕಿಹಾಕಿಕೊಳ್ಳದಿರಲಿ ಅಂತ ಬ್ರಿಕ್ಕನ್ನು ಒಂದಿಷ್ಟು ಚಿಕ್ಕದಾಗಿಯೇ ಮಾಡಿರುತ್ತಾರೆ. ಹೀಗಾಗಿ ನನಗೆ 0.13 ಮಿ.ಮೀ. ಸಡಿಲ ಸಿಕ್ಕಿತು. ಕೈಯಲ್ಲಿ ಕೂರಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಫಿಟ್ಟಿಂಗ್ ಬೇಕಾ? 13ನೇ ಶತಮಾನದ ಗುಡಿಯ ನಕ್ಷೆ, ಡೆನ್ಮಾರ್ಕಿನವರು 1958ರಲ್ಲಿ ಪೇಟೆಂಟಿಗೆ ಹಾಕಿದ ಬ್ರಿಕ್ಕು. ಇವೆರಡೂ ಒಂದಕ್ಕೊಂದು ಹೀಗೆ ಹೊಂದಿಕೊಳ್ಳುತ್ತವೆ ಅಂದರೆ ನನಗಂತೂ ಖುಷಿಯೋ ಖುಷಿ. ತುದಿಯಿಂದ ತುದಿಗೆ 17 ಸ್ಟಡ್, ಸುಮಾರು 13.6 ಸೆಂ.ಮೀ. ಮೂರು ಗುಡಿಯೂ ನಡುವಿನ ಮಂಟಪವೂ 48 ಸ್ಟಡ್ ಅಗಲದ ಬೇಸ್‌ಪ್ಲೇಟ್ ಮೇಲೆ ಹಿಡಿಸುತ್ತವೆ. ಗುಡಿ ನಿಂತಿರುವ ಕಟ್ಟೆ, ಅಂದರೆ ಜಗತಿಯನ್ನು ಆಮೇಲೆ ನೋಡೋಣ.

ಈಗ ಪ್ರಶ್ನೆ. ಮಂಟಪದ ಕಂಬ. ಅಲ್ಲಿರುವುದು ಬಳಪದ ಕಲ್ಲಿನ ಕಡೆದ ಕಂಬಗಳು. ಗಂಟೆಯ ಆಕಾರ, ಅದರ ಮೇಲೆ ತಟ್ಟೆ, ನಡುನಡುವೆ ಸಣ್ಣ ಬಳೆಗಳು. ನಾನು 1×1 ರೌಂಡ್ ಬ್ರಿಕ್ ಪೇರಿಸಿ ನೋಡಿದೆ. ಬೋರ್‌ವೆಲ್ ಪೈಪ್ ನಿಲ್ಲಿಸಿದ ಹಾಗೆ ಕಾಣುತ್ತದೆ. ಮನೆಯ ಶೆಡ್ಡಿನಲ್ಲಿ ಒಂದು ಚಿಕ್ಕ ಲೇತ್ ಇದೆ. ಕಪ್ಪು ಎಬಿಎಸ್ ರಾಡ್ ತಂದು ಕಂಬವನ್ನೇ ಕಡೆದೆ. ಮೇಲೆ 4.8 ಮಿ.ಮೀ. ಸ್ಟಡ್, ಕೆಳಗೆ ಅದಕ್ಕೆ ತಕ್ಕ ತೂತು. ಗಟ್ಟಿಯಾಗಿ ಕೂರುತ್ತದೆ. ಐದನೇ ಫೋಟೋದಲ್ಲಿ ಇರುವುದು ಅದೇ.

ಮಗಳು ನೋಡಿ, "ಅಪ್ಪಾ, ಹಾಗಾದರೆ ಅದು ಲೆಗೊ ಅಲ್ಲ" ಅಂದುಬಿಟ್ಟಳು. ಮೂಲ ಕಂಬವೇ ಕಡೆದದ್ದು ಇರುವಾಗ ನಾನೂ ಕಡೆದರೆ ತಪ್ಪೇನು ಅನ್ನುವುದು ನನ್ನ ವಾದ. ನೀವೇನು ಹೇಳುತ್ತೀರಿ?

ಇನ್ನೊಂದು ಚಿಕ್ಕ ತೊಂದರೆ. ನಕ್ಷತ್ರದ ಮೂಲೆಗಳು ಕೆಳಗಡೆ ಮಾತ್ರ ಹಿಡಿದು ನಿಂತಿವೆ. ಗುಡಿಯನ್ನು ಎತ್ತಿದರೆ ಜರುಗುತ್ತವೆ. ಏನಾದರೂ ಉಪಾಯ ಇದ್ದರೆ ಹೇಳಿ.

ಹೊಂಬಿಸಿಲು, ಬೆಂಗಳೂರು

ಸರ್, ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಆನೆ ಸಾಲು! ಹಲ್ಲಿನ ಆಕಾರ ಇರುವ 1×1 ಪ್ಲೇಟನ್ನು (ತೆಳು ಬ್ರಿಕ್) ಕೆಳಮುಖ ಮಾಡಿ ಸೊಂಡಿಲು ಇಳಿಬಿಟ್ಟಿದ್ದೀರಿ. ಅದರ ಮೇಲಿನ ಕುದುರೆ ಸಾಲಿಗೆ ಕ್ಲಿಪ್ ಪ್ಲೇಟು, ಬಳ್ಳಿಗೆ ಹೂವಿನ ಪ್ಲೇಟು. ಗುಡಿಯಲ್ಲಿ ಇರುವ ಹಾಗೆ ಆರು ಪಟ್ಟಿಕೆ, ಆರು ಪ್ಲೇಟ್ ದಪ್ಪ. ಮೇಲಿನ ಹಂಸದ ಸಾಲಿನವರೆಗೂ ಎಣಿಸಿದೆ. ಇದನ್ನೆಲ್ಲ ಪೋಸ್ಟ್‌ನಲ್ಲಿ ಒಂದು ಸಾಲೂ ಹೇಳದೆ ಸುಮ್ನೆ ಬಿಟ್ಟಿದ್ದೀರಲ್ಲ!

ಕಂಬದ ವಿಷಯಕ್ಕೆ ನನ್ನ ಉತ್ತರ, ಬೇಡ. ನಾನು ಪ್ಯೂರಿಸ್ಟ್, ಒಪ್ಪಿಕೊಳ್ಳುತ್ತೇನೆ. ಅಂಟು ಬೇಡ, ಪೇಂಟ್ ಬೇಡ, ಕತ್ತರಿಸೋದು ಬೇಡ ಅನ್ನುವ ಪಂಗಡ. ಆದರೆ ನಿಯಮ ಇದೆ ಅಂತ ಹೇಳುತ್ತಿಲ್ಲ. ನಿಮ್ಮ ಐದನೇ ಫೋಟೋ ಪಕ್ಕ ಎರಡನೆಯದನ್ನು ಇಟ್ಟು ನೋಡಿ. ಕಡೆದ ಕಂಬ ಎಷ್ಟು ನಯವಾಗಿದೆ ಅಂದರೆ, ಅದನ್ನು ನೋಡಿದ ಕಣ್ಣಿಗೆ ಆನೆಗಳು ಬರೀ ಪ್ಲಾಸ್ಟಿಕ್ ತುಂಡುಗಳಾಗಿಬಿಡುತ್ತವೆ. ಹಲ್ಲಿನ ಪ್ಲೇಟ್ ಆನೆ ಆಗೋದು ಯಾಕೆ? ಸುತ್ತ ಇರುವುದೆಲ್ಲ ಬೇರೆ ಏನೋ ಆಗಿದ್ದು ಗುಡಿಯ ವೇಷ ಹಾಕಿಕೊಂಡಿರುವುದರಿಂದ. ಅಲ್ಲಿ ಒಬ್ಬ ಮಾತ್ರ ವೇಷ ಇಲ್ಲದೆ ಬಂದು ನಿಂತರೆ ಆಟ ಕೆಡುತ್ತದೆ.

ಸುಮ್ಮನೆ ಬೇಡ ಅಂದರೆ ಆಗುತ್ತಾ? ಇದನ್ನು ಮಾಡಿ ನೋಡಿ. ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. 1×1 ಚೌಕ ಪ್ಲೇಟ್, ಅದರ ಮೇಲೆ ರೌಂಡ್ ಪ್ಲೇಟ್, ಆಮೇಲೆ ಕೋನ್ (ನಂಬರ್ 4589). ಗಂಟೆ ಅದೇ. ಅದರ ಮೇಲೆ 2×2 ಡಿಶ್ (4740). ಒಂದು ಸ್ಟಡ್ ಮೇಲೆ ಕೂರುತ್ತದೆ, ನಡುವೆ ಇನ್ನೊಂದು ಸ್ಟಡ್ ಕೊಡುತ್ತದೆ. ತಟ್ಟೆ ಸಿಕ್ಕಿತು. ಮತ್ತೆ ರೌಂಡ್ ಪ್ಲೇಟ್, ಹೂವಿನ ಪ್ಲೇಟ್ (33291), ಕೊನೆಗೆ ಚೌಕ ಪ್ಲೇಟ್. ಸುಮಾರು ಮೂರು ಬ್ರಿಕ್ ಎತ್ತರ ಬರುತ್ತದೆ. ಎಲ್ಲವೂ ಕಪ್ಪು ಇರಲಿ, ಡಿಶ್ ಮಾತ್ರ ಕಡು ಗ್ರೇ. ಒಳಗಿನ ಕಂಬ ಹೊಳೆಯುವುದು ಗೋಡೆಗಿಂತ ಜಾಸ್ತಿ, ಅಲ್ವಾ? ಕಪ್ಪು ಬ್ರಿಕ್‌ನ ಹೊಳಪು ಅಲ್ಲಿ ಕೆಲಸಕ್ಕೆ ಬರುತ್ತದೆ.

ಗುಮ್ಮಟ, ವಿಜಯಪುರ

ನಮಸ್ಕಾರ ರೀ ಸರ್. ಭಾರಿ ಆಗೇದ ನೋಡ್ರಿ!

ಮೂಲೆ ಜರುಗೋದಕ್ಕೆ ಲೆಗೊದ ಟೆಕ್ನಿಕ್ ಸರಣಿಯ ಆ್ಯಂಗಲ್ ಕನೆಕ್ಟರ್ ನೋಡಿ, ಕೋನದಲ್ಲಿ ಜೋಡಿಸುವ ತುಂಡು. ಅದರ ಮೈಮೇಲೆ ನಂಬರ್ ಅಚ್ಚು ಹಾಕಿರುತ್ತಾರೆ. 3 ಅಂದರೆ 157.5 ಡಿಗ್ರಿ, 4 ಅಂದರೆ 135, 5 ಅಂದರೆ 112.5, 6 ಅಂದರೆ 90. ಎಲ್ಲವೂ ನಿಮ್ಮ 22.5ರ ಲೆಕ್ಕದವೇ. ನಂಬರ್ 3 ಹದಿನಾರು ಜೋಡಿಸಿದರೆ ಸರಿಯಾದ 16 ಬದಿಯ ಉಂಗುರ ಬರುತ್ತದೆ. ಆದರೆ ನಿಮ್ಮ 12 ಸ್ಟಡ್ ಚೌಕದೊಳಗೆ ಅದು ಹಿಡಿಸೋದಿಲ್ಲ, ದೊಡ್ಡದಾಗುತ್ತದೆ. ಅದಕ್ಕೆ ನಂಬರ್ 4 ಎಂಟು ತಗೊಂಡು ಅಷ್ಟಕೋನ ಮಾಡಿ. ಎಂಟು ಮೂಲೆ, ಎಂಟು ಬದಿಯ ನಡು, ಒಟ್ಟು ಹದಿನಾರು ದಿಕ್ಕು ಸಿಕ್ಕವಲ್ಲ! ಮೂಲೆಯ ಪಿನ್ ತೂತಿನಿಂದ ಎಂಟು ಗೋಡೆ ಹಿಡಿಯಿರಿ, ನಡುವಿನ ಆ್ಯಕ್ಸಲ್ (ಕಡ್ಡಿ) ಮೇಲೆ ಇನ್ನೊಂದು ಕನೆಕ್ಟರ್ ಕೂರಿಸಿ ಉಳಿದ ಎಂಟು ಹಿಡಿಯಿರಿ. ಗೋಡೆಯ ದಪ್ಪ ಕಳೆದರೂ ಒಳಗೆ ಜಾಗ ಇದೆ ಅಂತ ನನ್ನ ಅಂದಾಜು. ಬ್ರಿಕ್ ಮುಟ್ಟುವ ಮೊದಲು ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಕೂರಿಸಿ ನೋಡಿ, ಪುಕ್ಕಟೆ ಸಿಗುತ್ತದೆ.

ಕಂಬದ ವಿಷಯದಲ್ಲಿ ನಾನು ಹೊಂಬಿಸಿಲು ಮೇಡಂ ಅವರಷ್ಟು ಕಟ್ಟುನಿಟ್ಟಲ್ಲ. ಕಡೆದದ್ದು ಇಡಿ, ಆದರೆ ಕಡೆದದ್ದು ಅಂತ ಹೇಳಿ ಇಡಿ. ಹೋಸ್ ಪೈಪನ್ನು ಬೇಕಾದ ಉದ್ದಕ್ಕೆ ಕತ್ತರಿಸಿದರೆ ಪ್ಯೂರಿಸ್ಟ್‌ಗಳೂ ಎಷ್ಟೋ ಸಲ ಸುಮ್ಮನಿರುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಅನ್ನೋದು ಅವರವರ ಮನೆ ಲೆಕ್ಕ.

ನಾನು ಕಟ್ಟಿದ್ದು ಗೋಳಗುಮ್ಮಟ. ಹೊರಗಿನ ವ್ಯಾಸ 44 ಮೀಟರ್ ಇರುವ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಬದಿಯ ಗೋಪುರ. ಗುಮ್ಮಟವನ್ನು ಲೊವೆಲ್ ಗೋಳದ ಲೆಕ್ಕದಲ್ಲಿ ಮಾಡಿದೆ. ಅಂದರೆ ಸ್ಟಡ್ ಆರೂ ಕಡೆಗೆ ಹೊರಮುಖ ಮಾಡಿ ಪ್ಲೇಟ್ ಮೆಟ್ಟಿಲು ಕಟ್ಟೋದು. ಐದು ಪ್ಲೇಟ್ ದಪ್ಪ ಅಂದರೆ 16 ಮಿ.ಮೀ., ಎರಡು ಸ್ಟಡ್ ಅಗಲವೂ ಅಷ್ಟೇ. ಪಕ್ಕಕ್ಕೆ ತಿರುಗಿಸಿ ಕಟ್ಟುವವರೆಲ್ಲ ಬದುಕಿರೋದು ಈ ಒಂದು ಲೆಕ್ಕದ ಮೇಲೆ. ಬುಡದ ತಾವರೆ ದಳ ನನಗಿನ್ನೂ ಸಮಾಧಾನ ಕೊಟ್ಟಿಲ್ಲ, ಅದಕ್ಕೇ ಫೋಟೋ ಹಾಕಿಲ್ಲ.

ಸೋಮನಾಥಪುರ ಮುಗಿದ ಮೇಲೆ ನಮ್ಮ ಕಡೆ ಬನ್ನಿ. ಗದಗ ಜಿಲ್ಲೆ ಡಂಬಳದ ದೊಡ್ಡಬಸಪ್ಪನ ಗುಡಿಗೆ 24 ಮೂಲೆ. 15 ಡಿಗ್ರಿಯ ಕನೆಕ್ಟರ್ ಯಾರೂ ಮಾಡಿಲ್ಲ. ಅಲ್ಲಿ ನಿಮ್ಮ ವರ್ನಿಯರ್ ಏನು ಹೇಳುತ್ತದೋ ನೋಡೋಣ!

ಸುಬ್ಬಿ, ಐಂಡ್‌ಹೋವನ್

ಅಂಕಲ್, ಗೋಡೆಯ ಬಣ್ಣ ನೀವು ಬೇಕಂತಲೇ ಮಾಡಿದ್ದಾ? 2004ರ ಸುಮಾರಿಗೆ ಲೆಗೊದವರು ಗ್ರೇ ಬದಲಾಯಿಸಿದರು. ಹಳೆಯದರಲ್ಲಿ ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಎರಡೂ ಬೆರೆತರೆ ಕೊಳಕು ಕಾಣುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ನಿಮ್ಮ ಗೋಡೆಯಲ್ಲಿ ಬೆರೆತು ಮಳೆ ಬಿಸಿಲು ಕಂಡ ಕಲ್ಲಿನ ಹಾಗೇ ಆಗಿದೆ. ಹೊಸ ಗ್ರೇಯಲ್ಲೇ ಕಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮೂರನೇ ಗುಡಿಗೆ ಗ್ರೇ ಬೇಕು ಅಂದಿದ್ದೀರಿ. ಅಲ್ಲಿಂದ ಆರ್ಡರ್ ಮಾಡಬೇಡಿ. ಆಟಿಕೆ ಮೇಲಿನ ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಬ್ರಿಕ್ಕಿಗಿಂತ ಸುಂಕದ್ದೇ ಚಿಂತೆ. ಇಲ್ಲಿ ಬಿಡಿ ಬ್ರಿಕ್ ಮಾರುವ ತಾಣ ಬ್ರಿಕ್‌ಲಿಂಕ್‌ನಲ್ಲಿ ಹಳೇ ಗ್ರೇ ಮಾರುವವರು ಇದ್ದಾರೆ. ಪಟ್ಟಿ ಕಳಿಸಿ. ಡಿಸೆಂಬರಿನಲ್ಲಿ ಅಮ್ಮನನ್ನು ನೋಡೋಕೆ ಮೈಸೂರಿಗೆ ಬರುತ್ತೇನೆ, ತಂದುಕೊಡುತ್ತೇನೆ.

ಕಂಬ ಎರಡೂ ಚೆನ್ನಾಗಿದೆ. ನಾನು ಜಗಳಕ್ಕೆ ಬರಲ್ಲ.

ಹಳೇ ಟರ್ನರ್, ಮೈಸೂರು

ಎಲ್ಲರಿಗೂ ಉತ್ತರ ಒಟ್ಟಿಗೆ ಬರೆಯುತ್ತೇನೆ.

ಹೊಂಬಿಸಿಲು ಅವರೇ, ನೀವು ಹೇಳಿದ ಕಂಬ ಕಟ್ಟಿ ಮಂಟಪದಲ್ಲಿ ಕಡೆದದ್ದರ ಪಕ್ಕವೇ ನಿಲ್ಲಿಸಿದೆ. ಹೊಸ ಫೋಟೋ ಹಾಕಿದ್ದೇನೆ. ಡಿಶ್ ಕೆಳಗೆ ಬೀಳುವ ನೆರಳು ನೋಡಿ, ಗುಡಿಯೊಳಗೆ ಕಾಣುವ ನೆರಳೇ ಅದು. ನನ್ನ ಕಂಬದಲ್ಲಿ ಕೆಲಸ ಜಾಸ್ತಿ, ನೆರಳು ಕಡಿಮೆ. ಟರ್ನರ್ ಆಗಿ ಇದನ್ನು ಬರೆಯೋದು ಸ್ವಲ್ಪ ಕಷ್ಟವೇ, ಆದರೆ ನಿಮ್ಮದೇ ಇರಲಿ. ಮಗಳು ಏನೂ ಹೇಳಲಿಲ್ಲ, ನಕ್ಕಳು. ಒಂದೇ ಬದಲಾವಣೆ ಮಾಡಿದ್ದೇನೆ, ಹೂವಿನ ಪ್ಲೇಟನ್ನು ಡಿಶ್‌ನ ಕೆಳಗೆ ಇಳಿಸಿದೆ. ಮೇಲಿದ್ದರೆ ಕಂಬ ಕಿರೀಟ ಇಟ್ಟುಕೊಂಡ ಹಾಗೆ ಆಗುತ್ತಿತ್ತು.

ಗುಮ್ಮಟ ಅವರೇ, ಅಷ್ಟಕೋನ ಒಳಗೆ ಕೂತಿತು. ಈಗ ಗುಡಿಯನ್ನು ಶಿಖರ ಹಿಡಿದು ಎತ್ತಬಹುದು. ಆದರೆ ಹದಿನಾರು ಮೂಲೆಯನ್ನು ಒಂದೇ ಸಮ ಇಡೋಕೆ ಕಣ್ಣಳತೆ ಸಾಲದು. ಅದಕ್ಕೆ ಲೇತನ್ನು ಬೇರೆ ಕೆಲಸಕ್ಕೆ ಹಚ್ಚಿದೆ. ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಕಡೆದು, ಸುತ್ತನ್ನು ಸಮಭಾಗ ಮಾಡುವ ಡಿವೈಡಿಂಗ್ ಹೆಡ್‌ನಲ್ಲಿ ಹಿಡಿದು 16 ಗೆರೆ ಕೊರೆದೆ. 40ಕ್ಕೆ 1ರ ಹೆಡ್ಡು, ಅಂದರೆ ಹಿಡಿ 40 ಸುತ್ತಿದರೆ ಬಿಲ್ಲೆ ಒಂದು ಸುತ್ತು, ಆದ್ದರಿಂದ ಗೆರೆಗೊಂದರಂತೆ ಹಿಡಿಯನ್ನು ಎರಡೂವರೆ ಸುತ್ತು. ಬಿಲ್ಲೆಯನ್ನು ನಡುವೆ ಇಟ್ಟು, ಗೆರೆಗೆ ಮೂಲೆ ಹೊಂದಿಸಿ, ಗೋಡೆ ಬಿಗಿ ಮಾಡಿ, ಬಿಲ್ಲೆ ತೆಗೆಯೋದು. ಗುಡಿಯಲ್ಲಿ ಅದು ಉಳಿಯಲ್ಲ. ಇದಕ್ಕೆ ಪ್ಯೂರಿಸ್ಟ್ ಪಂಗಡದ ತಕರಾರು ಇಲ್ಲ ಅಂದುಕೊಂಡಿದ್ದೇನೆ.

ಡಂಬಳಕ್ಕೆ ಗೆರೆ ಹಾಕೋದು ಸುಲಭ. ಹಿಡಿಯನ್ನು ಒಂದು ಪೂರ್ತಿ ಸುತ್ತು, ಆಮೇಲೆ ಹೆಡ್ಡಿನ 15 ತೂತಿನ ಸಾಲಿನಲ್ಲಿ 10 ತೂತು. ಚೌಕದ ಲೆಕ್ಕ ಮಾತ್ರ ಸತಾಯಿಸಿತು. ಮುಖ 2 ಸ್ಟಡ್ ಬೇಕಾದರೆ ಚೌಕ 17.2, ಮುಖ 3 ಆದರೆ 25.8. ಯಾವುದೂ ಪೂರ್ಣ ಅಂಕಿಗೆ ಬರಲ್ಲ. ಕೊನೆಗೆ ಚೌಕ 43, ಮುಖ 5 ಸ್ಟಡ್. ಇದು ಕರೆಕ್ಟಾಗಿ ಹೊಂದುತ್ತದೆ. ಹಾಗಾದರೆ ತುದಿಯಿಂದ ತುದಿಗೆ 61 ಸ್ಟಡ್ ಹತ್ತಿರ, ಅಂದರೆ ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ.

ಸುಬ್ಬಿ, ಬಣ್ಣ ಬೇಕಂತಲೇ ಬೆರೆಸಿದ್ದಪ್ಪ. ಬಿಸಿಲು ಬೀಳುವ ಕಡೆಗೆ ಹಳೆಯದು, ಒಳಮೂಲೆಗೆ ಹೊಸದು. ಪಟ್ಟಿ ಕಳಿಸುತ್ತೇನೆ. ಸೂಟ್‌ಕೇಸ್‌ನಲ್ಲಿ ಎಷ್ಟು ಕೆಜಿ ತರೋಕೆ ಬಿಡುತ್ತಾರೆ, ಅದನ್ನು ಮೊದಲು ಹೇಳು.