ಹಳೆ ಕಾರಿನ ಬ್ರೇಕ್ ಹೋಸ್: ಲೀಕ್ ಇಲ್ಲ, ಆದರೂ ಚಕ್ರ ಜಾಮ್ ಯಾಕೆ?

ಪ್ರಶ್ನೆ: ನಮಸ್ತೆ ಸರ್. ನನ್ನದು 2006ರ ಮಾಡೆಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎಬಿಎಸ್ ಇಲ್ಲ. ಇತ್ತೀಚೆಗೆ ಬ್ರೇಕ್ ಒತ್ತಿ ಬಿಟ್ಟ ಮೇಲೂ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಒಂದಷ್ಟು ದೂರ ಓಡಿಸಿ ನಿಲ್ಲಿಸಿದರೆ ಮುಂದಿನ ಎಡ ಚಕ್ರ ಮಾತ್ರ ಜಾಸ್ತಿ ಬಿಸಿ, ಸುಟ್ಟ ವಾಸನೆ ಬೇರೆ. ಗ್ಯಾರೇಜಿನಲ್ಲಿ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿ ಕ್ಲೀನ್ ಮಾಡಿ, ಪಿನ್‌ಗಳಿಗೆ ಗ್ರೀಸ್ ಹಾಕಿ, ಹೊಸ ಪ್ಯಾಡ್ ಕೂರಿಸಿದರು. ಕೆಲವೇ ದಿನಗಳಲ್ಲಿ ಮತ್ತೆ ಅದೇ ಸ್ಥಿತಿ. ಈಗ ಕ್ಯಾಲಿಪರ್ ಬದಲಾಯಿಸಬೇಕು ಅನ್ನುತ್ತಿದ್ದಾರೆ. ನನ್ನ ಸ್ನೇಹಿತ ಮಾತ್ರ ಮೊದಲು ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪ್) ನೋಡಿಸು ಎಂದ. ನೋಡಿದೆ. ಮೇಲೆ ಸಣ್ಣ ಸಣ್ಣ ಬಿರುಕುಗಳಿವೆ, ಲೀಕ್ ಎಲ್ಲೂ ಇಲ್ಲ. ಲೀಕ್ ಇಲ್ಲದ ಹೋಸ್‌ನಿಂದ ಚಕ್ರ ಜಾಮ್ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಹಳೆ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಆದರೂ ಎಷ್ಟೋ ಕಡೆ ಒಳ್ಳೆಯ ಕ್ಯಾಲಿಪರ್‌ಗಳನ್ನು ಸುಮ್ನೆ ಬದಲಾಯಿಸಿ, ಹಳೆ ಹೋಸನ್ನೇ ವಾಪಸ್ ಸಿಕ್ಕಿಸುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ರೇಕ್ ಹೋಸ್ ಒಂದೇ ಪದರದ ರಬ್ಬರ್ ಅಲ್ಲ. ಒಳಗೆ ಒಂದು ರಬ್ಬರ್ ಕೊಳವೆ, ಅದರ ಮೇಲೆ ನೂಲಿನ ಹೆಣಿಗೆ, ಎಲ್ಲಕ್ಕಿಂತ ಮೇಲೆ ಹೊರಗಿನ ರಬ್ಬರ್. ಒಳಗಿನ ತೂತು ಸುಮಾರು 3 ಮಿಲಿಮೀಟರ್ ಅಷ್ಟೇ. ವರ್ಷಗಟ್ಟಲೆ ಬಿಸಿ ಮತ್ತು ಒತ್ತಡ ತಿಂದ ಮೇಲೆ ಒಳ ಕೊಳವೆ ಉಬ್ಬಿ ಆ ತೂತು ಕಿರಿದಾಗುತ್ತದೆ. ಇಲ್ಲವೇ ಒಳ ರಬ್ಬರ್ ಸೀಳಿ, ಒಂದು ಎಳೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತದೆ. ಹೊರಗಿನಿಂದ ಇದ್ಯಾವುದೂ ಕಾಣುವುದಿಲ್ಲ.

ಪೆಡಲ್ ಒತ್ತಿದಾಗ ಆಯಿಲ್ ಭಾರಿ ಒತ್ತಡದಲ್ಲಿ ಹೋಗುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ 100 ಬಾರ್ ಆಸುಪಾಸು ತಲುಪಬಹುದು. ಟೈರ್ ಗಾಳಿ ಎರಡು ಬಾರ್ ಚಿಲ್ಲರೆ ಇರುತ್ತದೆ, ಹೋಲಿಸಿ ನೋಡಿ. ಅಷ್ಟು ಒತ್ತಡಕ್ಕೆ ಕಿರಿದಾದ ದಾರಿಯಲ್ಲೂ ಆಯಿಲ್ ನುಗ್ಗಿ ಪ್ಯಾಡ್ ಹಿಡಿಸುತ್ತದೆ. ವಾಪಸ್ ಬರುವಾಗ ಹಿಂದಿನಿಂದ ತಳ್ಳುವ ಬಲವೇ ಇಲ್ಲ. ಕ್ಯಾಲಿಪರ್ ಒಳಗಿನ ರಬ್ಬರ್ ಸೀಲ್ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಆ ಸಣ್ಣ ಬಲಕ್ಕೆ ದಾರಿ ಬಿಡಲಿಲ್ಲ ಎಂದರೆ ಆಯಿಲ್ ಕ್ಯಾಲಿಪರ್‌ನಲ್ಲೇ ಉಳಿಯುತ್ತದೆ, ಪ್ಯಾಡ್ ಡಿಸ್ಕ್ ಬಿಡುವುದಿಲ್ಲ.

ಇನ್ನೊಂದು ಜಾಗ ಗಮನಿಸಿ. ಕೆಲವು ಹೋಸ್‌ಗಳ ನಡುವೆ ಒಂದು ತಗಡಿನ ಪಟ್ಟಿ ಸುತ್ತಿ ಅಮುಕಿರುತ್ತಾರೆ. ಆ ಪಟ್ಟಿಯ ಒಳಗೆ ತುಕ್ಕು ಬೆಳೆದು ಹೋಸನ್ನೇ ಹಿಸುಕುತ್ತದೆ. ಆಗಲೂ ಇದೇ ಲಕ್ಷಣ.

ಕ್ಯಾಲಿಪರ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿ. ಸಮತಟ್ಟಾದ ಜಾಗದಲ್ಲಿ ಜಾಕ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ. ಪೆಡಲ್ ಜೋರಾಗಿ ಒತ್ತಿ ಬಿಟ್ಟು ಚಕ್ರ ತಿರುಗಿಸಿ. ಜಾಮ್ ಆಗಿದ್ದರೆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ ಹಿಡಿದಿದೆ, ಹೋಸ್ ಬಗ್ಗೆ ಯೋಚನೆ ಬೇಡ. ಆಯಿಲ್ ಚಿಮ್ಮಿ ಚಕ್ರ ಸಲೀಸಾಯಿತು ಎಂದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು. ಆಗ ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಜಾಮ್ ಮಾಡಿ. ಈ ಸಲ ಮೇಲೆ, ಸ್ಟೀಲ್ ಪೈಪ್ ಹೋಸ್‌ಗೆ ಸೇರುವ ಜಾಯಿಂಟ್ ಸಡಿಲಿಸಿ. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ತೊಂದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪ್‌ಗೆ ತಳ್ಳುವ ಭಾಗ) ಕಡೆ. ಆಗಲೂ ಬಿಡದಿದ್ದರೆ ಹೋಸೇ ಕಾರಣ.

ಅಲ್ಲಿಯವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ. ಎಳೆಯುವ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಪೈಪ್ ತುಂಬಾ ಆವಿ. ಪೆಡಲ್ ಸೀದಾ ಕೆಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಪರೀಕ್ಷೆ ಮಾಡಿದೆವು ಸರ್. ನಿಪ್ಪಲ್ ತೆರೆದಾಗ ಚಕ್ರ ಬಿಟ್ಟಿತು. ಮೇಲಿನ ಜಾಯಿಂಟ್ ಸಡಿಲಿಸಿದಾಗ ಬಿಡಲಿಲ್ಲ. ಹಾಗಾದರೆ ಹೋಸ್. ಎಡಗಡೆಯದೊಂದೇ ಹಾಕಿದರೆ ಸಾಕಾ? ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಬ್ರೇಕ್ ಲೈನ್ ಮಾತ್ರ ಬಿಚ್ಚಿಲ್ಲ. ನಾನೇ ಮಾಡಬಹುದಾ?

ಉತ್ತರ: ಒಂದೇ ಹಾಕಬೇಡಿ. ಬಲಗಡೆಯದೂ ಅಷ್ಟೇ ವಯಸ್ಸಿನದು, ಅಷ್ಟೇ ಬಿಸಿ ತಿಂದಿದೆ. ಮುಂದಿನ ಎರಡೂ ಒಟ್ಟಿಗೆ ಬದಲಾಯಿಸಿ. ಆಗುವುದಾದರೆ ಹಿಂದಿನವೂ ಆಗಿಬಿಡಲಿ, ಹೇಗಿದ್ದರೂ ಆಯಿಲ್ ಪೂರ್ತಿ ಬದಲಾಯಿಸುತ್ತೀರಲ್ವಾ. ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಬಾಡಿಯಿಂದ ಆಕ್ಸಲ್‌ಗೆ ಇಳಿಯುವ ಹೋಸ್ ನಡುವೆ ಒಂದೇ ಇರುವುದುಂಟು. ಅದನ್ನು ತುಂಬಾ ಜನ ಮರೆಯುತ್ತಾರೆ.

ನೀವೇ ಮಾಡಬಹುದು. ಆದರೆ ಮೊದಲ ಸಲ ಈ ಕೆಲಸ ಗೊತ್ತಿರುವ ಒಬ್ಬರು ಪಕ್ಕದಲ್ಲಿರಲಿ. ಹೋಸ್ ಬದಲಾಯಿಸುವುದು ಕಷ್ಟವೇ ಅಲ್ಲ, ತುಕ್ಕು ಹಿಡಿದ ಸ್ಟೀಲ್ ಪೈಪ್ ನಟ್ ಬಿಚ್ಚುವುದೇ ಕಷ್ಟ. ಆ ನಟ್ ಸಾಮಾನ್ಯವಾಗಿ 10 ಅಥವಾ 11 ಮಿಲಿಮೀಟರ್, ಮೆತ್ತನೆಯದು. ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ಗುಂಡಾಗುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ತನ್ನಿ. ರಿಂಗ್ ಸ್ಪ್ಯಾನರ್ ಥರವೇ ಇರುತ್ತದೆ, ಪೈಪ್ ತೂರಲು ಒಂದು ಕಡೆ ಸೀಳು ಬಿಟ್ಟಿರುತ್ತಾರೆ. ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚುವಾಗ ಹೋಸ್‌ನ ತುದಿಯನ್ನು ಇನ್ನೊಂದು ಸ್ಪ್ಯಾನರ್‌ನಿಂದ ಗಟ್ಟಿಯಾಗಿ ಹಿಡಿಯಿರಿ. ನಟ್ ಜೊತೆ ಪೈಪ್ ಕೂಡ ತಿರುಗುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಮತ್ತೆ ಸ್ಪ್ರೇ ಹೊಡೆದು ಕಾಯಿರಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಹಟ ಮಾಡಿದರೆ ಪೈಪ್ ತಿರುಚಿ ಮುರಿಯುತ್ತದೆ. ಆಮೇಲೆ ಮಾಸ್ಟರ್ ಸಿಲಿಂಡರ್‌ವರೆಗೆ ಹೊಸ ಪೈಪ್ ಎಳೆಯುವ ಕೆಲಸ ಬರುತ್ತದೆ.

ನಟ್ ಬಿಟ್ಟ ಮೇಲೆ ಬ್ರಾಕೆಟ್‌ನಲ್ಲಿರುವ ಲಾಕ್ ಕ್ಲಿಪ್ ಎಳೆದರೆ ಹೋಸ್ ಮೇಲಿನಿಂದ ಬಿಡುಗಡೆ. ಕ್ಯಾಲಿಪರ್ ಕಡೆ ಬ್ಯಾಂಜೋ ಬೋಲ್ಟ್ (ಆಯಿಲ್ ಹಾಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಎರಡೂ ಬದಿಯ ತಾಮ್ರದ ವಾಷರ್ ಹೊಸದೇ ಹಾಕಿ. ಹಳೆಯದೊಂದು ಕ್ಯಾಲಿಪರ್‌ಗೆ ಅಂಟಿಕೊಂಡೇ ಉಳಿದಿರುತ್ತದೆ, ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದು ಕೂತರೆ ಲೀಕ್ ಗ್ಯಾರಂಟಿ. ಬೋಲ್ಟ್ ಇಲ್ಲದೆ ಹೋಸ್ ನೇರವಾಗಿ ಕ್ಯಾಲಿಪರ್‌ಗೆ ತಿರುಗಿಸುವ ಥರದ್ದಾದರೆ ಮೊದಲು ಆ ತುದಿ ಬಿಗಿ ಮಾಡಿ, ನಂತರ ಬ್ರಾಕೆಟ್, ಕೊನೆಗೆ ಪೈಪ್ ನಟ್. ಹಿಂದುಮುಂದಾದರೆ ಹೋಸ್ ತಿರುಚಿಕೊಳ್ಳುತ್ತದೆ. ಪೈಪ್ ನಟ್ ಯಾವಾಗಲೂ ಕೈಯಲ್ಲೇ ಮೊದಲ ಕೆಲವು ಸುತ್ತು ಹೋಗಬೇಕು. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಲೇಬೇಡಿ. ಅಲ್ಲಿ ಸೀಲ್ ಆಗುವುದು ಪೈಪಿನ ಅರಳಿದ ತುದಿಯಿಂದ, ಥ್ರೆಡ್‌ನಿಂದಲ್ಲ. ಬಿಗಿ ಎಷ್ಟು ಎಂಬುದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಟಾರ್ಕ್ ರೆಂಚ್ ಬಳಸಿ.

ಕ್ಯಾಲಿಪರ್ ಬಿಚ್ಚಿದರೆ ಹೋಸ್ ಮೇಲೆ ನೇತುಬಿಡಬೇಡಿ, ತಂತಿ ಕಟ್ಟಿ ತೂಗಿಸಿ. ಹೊಸ ಹೋಸ್‌ಗೆ ಇದು ಇನ್ನೂ ಮುಖ್ಯ.

ಇನ್ನೊಬ್ಬ ಸದಸ್ಯರು: ಹೋಸ್ ಬಿಚ್ಚಿದಾಗ ಆಯಿಲ್ ಎಲ್ಲಾ ಸುರಿದುಹೋಗುತ್ತದಲ್ಲ ಸರ್? ಕೆಲವರು ವೈಸ್ ಗ್ರಿಪ್‌ನಿಂದ ಹೋಸ್ ಅಮುಕಿ ನಿಲ್ಲಿಸುತ್ತಾರೆ.

ಉತ್ತರ: ಬಿಸಾಡುವ ಹೋಸ್ ಆದರೆ ಅಮುಕಿ, ಪರವಾಗಿಲ್ಲ. ಉಳಿಸಿಕೊಳ್ಳುವ ಹೋಸ್‌ಗೆ ಮಾತ್ರ ಎಂದೂ ಬೇಡ. ಒಳ ಪದರ ಸೀಳುವುದಕ್ಕೆ ಅದೂ ಒಂದು ಕಾರಣ. ಅದಕ್ಕಿಂತ ಒಳ್ಳೆಯ ದಾರಿ ಇದೆ. ಪೆಡಲ್ಲನ್ನು ಒಂದೆರಡು ಇಂಚು ಕೆಳಗೆ ಒತ್ತಿ, ಸೀಟಿಗೆ ಒಂದು ಕೋಲು ಆನಿಸಿ ಹಾಗೇ ನಿಲ್ಲಿಸಿ. ಮಾಸ್ಟರ್ ಸಿಲಿಂಡರ್ ಒಳಗಿನ ಪಿಸ್ಟನ್ ಮುಂದೆ ಸರಿದು, ಅದರ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಆಯಿಲ್ ಇಳಿಯುವ ತೂತು ಮುಚ್ಚುತ್ತದೆ. ಆಗ ಬರೀ ಹನಿ ಬೀಳುತ್ತದೆ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿ ವೈರ್ ಬಿಚ್ಚಿಡಿ. ಏನೇ ಆದರೂ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಬ್ರೇಕ್ ಆಯಿಲ್ ಗಾಡಿಯ ಪೇಂಟ್ ಮೇಲೆ ಬಿದ್ದರೆ ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ. ಕಣ್ಣಿಗೆ ಹಾರದಂತೆ ಕನ್ನಡಕ ಇರಲಿ.

ಇನ್ನೊಬ್ಬ ಸದಸ್ಯರು: ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಇರುವ ಗಾಡಿಗೆ ಡಾಟ್ 4 ಹಾಕಬಹುದಾ? ಮನೆಯಲ್ಲಿ ಕಳೆದ ವರ್ಷ ತೆರೆದ ಅರ್ಧ ಬಾಟಲ್ ಇದೆ.

ಉತ್ತರ: ಆ ಅರ್ಧ ಬಾಟಲ್ ಬಳಸಬೇಡಿ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಡಾಟ್ 3, 4, 5.1 ಮೂರೂ ಒಂದೇ ಜಾತಿಯವು, ಬೆರೆಯುತ್ತವೆ. ಆದರೂ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕುವುದು ನನ್ನ ಸಲಹೆ. ಬರೀ 5 ಎಂದಿರುವುದು ಸಿಲಿಕೋನ್, ಅದು ಇವುಗಳ ಜೊತೆ ಸೇರಬಾರದು. ಎಂಜಿನ್ ಆಯಿಲ್, ಪೆಟ್ರೋಲ್, ಸಾಮಾನ್ಯ ಗ್ರೀಸ್ ಇವು ಬ್ರೇಕಿನ ರಬ್ಬರ್ ಭಾಗಗಳ ಹತ್ತಿರವೂ ಸುಳಿಯಬಾರದು, ಸೀಲ್‌ಗಳು ಊದಿಕೊಳ್ಳುತ್ತವೆ.

ಇನ್ನೊಬ್ಬ ಸದಸ್ಯರು: ರಬ್ಬರ್ ಬದಲು ಸ್ಟೀಲ್ ಹೆಣಿಗೆಯ ಹೋಸ್ ಹಾಕಿಸಿದರೆ ಶಾಶ್ವತ ಪರಿಹಾರ ಅಲ್ವಾ?

ಉತ್ತರ: ಶಾಶ್ವತ ಅಲ್ಲ. ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಅದು ನಿಜ. ಆದರೆ ಹೆಣಿಗೆಯ ಕೆಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಸ್ಟೀಲ್ ಎಳೆಗಳ ನಡುವೆ ಮಣ್ಣು ಸೇರಿದರೆ ಒಳ ಕೊಳವೆಯನ್ನು ತೇಯುತ್ತದೆ. ದಿನಬಳಕೆಯ ಹಳೆ ಕಾರಿಗೆ ಒಳ್ಳೆಯ ರಬ್ಬರ್ ಹೋಸೇ ನನ್ನ ಆಯ್ಕೆ. ಕೊಳ್ಳುವಾಗ ಮೇಲೆ ಅಚ್ಚಾದ ತಯಾರಿ ದಿನಾಂಕ ನೋಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಇದ್ದ ರಬ್ಬರ್ ಕೂಡ ಹಳೆಯದೇ. ಉದ್ದ, ಥ್ರೆಡ್, ತುದಿಯ ಆಕಾರ ಹಳೆಯದರ ಪಕ್ಕ ಇಟ್ಟು ಹೋಲಿಸಿ.

ಪ್ರಶ್ನೆ ಕೇಳಿದವರು: ಮುಂದಿನ ಎರಡೂ ಹಾಕಿದೆ ಸರ್. ಎಡ ಚಕ್ರ ಈಗ ಸಲೀಸಾಗಿ ತಿರುಗುತ್ತದೆ. ಏರ್ ತೆಗೆದೆವು, ಆದರೂ ಪೆಡಲ್ ಸ್ವಲ್ಪ ಮೆತ್ತಗಿದೆ. ಇನ್ನೂ ರಸ್ತೆಗೆ ಇಳಿಸಿಲ್ಲ.

ಉತ್ತರ: ಇಳಿಸದೆ ಇದ್ದದ್ದು ಒಳ್ಳೆಯದಾಯಿತು. ಮೆತ್ತಗಿದೆ ಎಂದರೆ ಏರ್ ಇನ್ನೂ ಇದೆ. ಎಡ ಬಲ ಕ್ಯಾಲಿಪರ್ ಅದಲುಬದಲಾಗಿದೆಯಾ ನೋಡಿ. ನಿಪ್ಪಲ್ ಮೇಲ್ಭಾಗದಲ್ಲಿ ಇರಬೇಕು, ಕೆಳಗಿದ್ದರೆ ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಬರುವುದಿಲ್ಲ. ಅದು ಸರಿಯಿದ್ದರೆ ಮತ್ತೆ ಬ್ಲೀಡ್ ಮಾಡಿ. ಯಾವ ಚಕ್ರ ಮೊದಲು ಎಂಬುದು ಮ್ಯಾನ್ಯುಯಲ್‌ನಲ್ಲಿದೆ. ತುಂಬಾ ಹಳೆ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಆಯಿಲ್‌ನಲ್ಲಿ ಮುಳುಗಿರಲಿ. ಒಬ್ಬರು ನಿಧಾನವಾಗಿ ಪೆಡಲ್ ಒತ್ತಲಿ, ನೀವು ನಿಪ್ಪಲ್ ತೆರೆಯಿರಿ. ಪೆಡಲ್ ಬಿಡುವ ಮೊದಲೇ ಮುಚ್ಚಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೆಡಲ್ ಪೂರ್ತಿ ನೆಲ ಮುಟ್ಟಬಾರದು. ಹಳೆ ಮಾಸ್ಟರ್ ಸಿಲಿಂಡರ್‌ನ ಕೊನೆಯ ಭಾಗ ಎಂದೂ ಬಳಕೆಯಾಗಿರುವುದಿಲ್ಲ. ಅಲ್ಲಿ ಕೂತಿರುವ ತುಕ್ಕು, ಕೊಳೆಯ ಮೇಲೆ ಓಡಿದರೆ ಸೀಲ್ ಹರಿಯುತ್ತದೆ. ಹಿಂದಿನ ಡ್ರಮ್ ಶೂಗಳ ಅಡ್ಜಸ್ಟ್‌ಮೆಂಟ್ ಸಡಿಲವಾಗಿದ್ದರೂ ಪೆಡಲ್ ಕೆಳಗಿಳಿಯುತ್ತದೆ, ಅದನ್ನೂ ನೋಡಿ. ಎಬಿಎಸ್ ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ, ಘಟಕದೊಳಗೆ ಗಾಳಿ ಹೋದರೆ ಎಷ್ಟೋ ಮಾಡೆಲ್‌ಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ, ವರ್ಕ್‌ಶಾಪ್‌ಗೆ ಕೊಡಿ.

ಪೆಡಲ್ ಗಟ್ಟಿಯಾದ ಮೇಲೆ ಎಂಜಿನ್ ಚಾಲೂ ಮಾಡಿ, ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ಒಣಗಿದೆಯಾ ನೋಡಲಿ. ಒತ್ತಿ ಹಿಡಿದಿರುವಾಗ ಪೆಡಲ್ ನಿಧಾನವಾಗಿ ಕುಸಿಯುತ್ತಾ ಹೋಗಬಾರದು. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೇತಾಡುವಾಗ ಒಮ್ಮೆ, ನೆಲಕ್ಕಿಳಿಸಿ ಒಮ್ಮೆ. ಹೋಸ್ ಟೈರ್‌ಗೂ ಸಸ್ಪೆನ್ಷನ್‌ಗೂ ತಾಗಬಾರದು, ಬಿಗಿಯಾಗಿ ಎಳೆಯಬಾರದು. ಇಷ್ಟಾದ ಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಕೆಲವು ಸಲ ಬ್ರೇಕ್ ಹಾಕಿ. ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಡಿಸ್ಕ್ ಮುಟ್ಟಬೇಡಿ. ಬಿಸಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದ್ದರೆ ರಸ್ತೆಗೆ ಇಳಿಸಿ. ಮರುದಿನ ಬೆಳಿಗ್ಗೆ ಡಬ್ಬಿಯ ಆಯಿಲ್ ಮಟ್ಟ ಒಮ್ಮೆ ನೋಡಿ, ಇಲ್ಲಿ ತಿಳಿಸಿ.