ಭದ್ರಾ ಕಾಡಲ್ಲಿ ಜಿಂಕೆ ಎಣಿಸೋಕೆ ಹೋಗ್ತಿದೀನಿ, ಬ್ಯಾಗಿಗೆ ಎಂತೆಂತ ಹಾಕ್ಕೊಳ್ಲಿ?

ತುಂಗೆ_ದಡ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. 4 ವರ್ಷಕ್ಕೊಂದ್ಸಲ ಹುಲಿ ಗಣತಿ ಆಗುತ್ತಲ್ಲ, ಅದಕ್ಕೆ ಸ್ವಯಂಸೇವಕ ಅಂತ ಅರ್ಜಿ ಹಾಕಿದ್ದೆ, ಲಕ್ಕವಳ್ಳಿ ಕಡೆ ಸಿಕ್ಕಿದೆ. ಮೊದಲ 3 ದಿನ ಹುಲಿ ಚಿರತೆ ಹೆಜ್ಜೆ, ಹಿಕ್ಕೆ ಹುಡುಕ್ತಾ ದಿನಕ್ಕೆ 5 ಕಿಮೀ ನಡಿಯೋದು, ಆಮೇಲೆ 3 ದಿನ ಬೆಳಿಗ್ಗೆ 2 ಕಿಮೀ ಸೀಳುದಾರಿಲಿ (ಕಾಡೊಳಗೆ ನೇರಕ್ಕೆ ಗುರುತು ಮಾಡಿರೋ ಲೈನ್) ಜಿಂಕೆ, ಕಡವೆ, ಕಾಟಿ ಎಣಿಸೋದು ಅಂತ ಹೇಳಿದಾರೆ. ನಂಗೆ ಈ ಎರಡನೇದರ ಮೇಲೇ ಆಸೆ. ಆದ್ರೆ ಭಯಾನೂ ಇದೆ, ಯಾಕಂದ್ರೆ ಹೋದ ವಾರ ಅಭ್ಯಾಸ ಆಗ್ಲಿ ಅಂತ ನಮ್ಮ ಮಾವನ ತೋಟದ ಮೇಲಿನ ಸೊಪ್ಪಿನ ಬೆಟ್ಟ ಹತ್ತಿದ್ದೆ, ಒಂದು ಕಾಡುಕುರಿ ಇತ್ತಂತೆ, ನಾನು ನೋಡೋದ್ರೊಳಗೆ ಅದೇ ನನ್ನ ನೋಡಿ ನಾಯಿ ಬೊಗಳ್ದಂಗೆ ಕೂಗ್ತಾ ಹೋಗೇಬಿಡ್ತು. ಬಾಲಾನೂ ಕಾಣ್ಲಿಲ್ಲ. ಹೊಸ ಜಾಕೆಟ್ ತಗೊಂಡಿದೀನಿ, ಶೂ ಇನ್ನೂ ತಗೊಂಡಿಲ್ಲ. ಬೈನಾಕ್ಯುಲರ್ ಬೇಕಾ? ಕ್ಯಾಮೆರಾ? ಹೋಗಿ ಬಂದೋರು ದಯವಿಟ್ಟು ಹೇಳಿ.

ಹಳುವಿನ_ಹಾದಿ:
ನಾನು ಎರಡು ಸಲ ಹೋಗಿದೀನಿ ಗುರು. ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೋ, ಆಮೇಲೆ ಬ್ಯಾಗಿಗೆ ಎಂತ ಬೇಕು ಎಂತ ಬೇಡ ಅನ್ನೋದು ತಾನಾಗೇ ಗೊತ್ತಾಗುತ್ತೆ. ಅಲ್ಲಿ ಎಷ್ಟು ಜಿಂಕೆ ಕಂಡ್ವು ಅಂತ ಬರ್ಕೊಂಡ್ರೆ ಮುಗೀಲಿಲ್ಲ, ನೀನು ನೋಡಿದಾಗ ಅವು ಎಲ್ಲಿದ್ವು ಅನ್ನೋದು ಮುಖ್ಯ, ರೇಂಜ್‌ಫೈಂಡರಲ್ಲಿ ದೂರ ನೋಡ್ತಾರೆ, ಕಂಪಾಸಲ್ಲಿ ದಿಕ್ಕು ನೋಡ್ತಾರೆ, ಅದ್ರಿಂದ ಲೈನಿಗೂ ಹಿಂಡಿಗೂ ನೇರ ದೂರ ಎಷ್ಟು ಅಂತ ತೆಗ್ದು ಚದರ ಕಿಲೋಮೀಟರಿಗೆ ಎಷ್ಟು ಜಿಂಕೆ ಅಂತ ಲೆಕ್ಕ ಹಾಕ್ತಾರೆ. ಲೈನ್ ಪಕ್ಕದಲ್ಲೇ ಮೇಯ್ತಿದ್ದ ಹಿಂಡು ನಿನ್ನ ಸದ್ದಿಗೆ 40 ಮೀಟರ್ ಓಡಿ ನಿಂತ್ಮೇಲೆ ನೀನು ನೋಡಿದ್ರೆ, ಕಾಡಲ್ಲಿ ಇರೋದಕ್ಕಿಂತ ಕಮ್ಮಿ ಲೆಕ್ಕ ಬರುತ್ತೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಕಡವೆಯಂಥವು ಸುಮಾರು 50 ಬೇಕು ಮಾರಾಯ, ಈ ಲೆಕ್ಕ ತಪ್ಪಿದ್ರೆ ಆ ಕಾಡು ಎಷ್ಟು ಹುಲಿ ಸಾಕುತ್ತೆ ಅನ್ನೋದೂ ತಪ್ಪುತ್ತೆ.

ಅದಕ್ಕೇ ನಿನ್ನ ಹೊಸ ಜಾಕೆಟ್ ಹಾಕ್ಕೊಂಡು ಮನೇಲೇ ಒಂದ್ಸಲ ಕೈ ಬೀಸಿ ನಡ್ದು ನೋಡು. ಸರಬರ ಅಂದ್ರೆ ಅದನ್ನ ಕ್ಯಾಂಪಲ್ಲೇ ಬಿಡು, ಬೆಳಿಗ್ಗೆ ಚಳಿ ಜೋರಿದ್ರೂ ಹಳೇ ಕಾಟನ್ ಅಂಗಿ ಮೇಲೊಂದು ಉಲ್ಲನ್ ಸ್ವೆಟರ್ ಸಾಕು, ಬಣ್ಣ ಮಣ್ಣಿಂದೋ ಒಣಗಿದ ಎಲೇದೋ ಇರ್ಲಿ, ಬಿಳಿ ಬೇಡವೇ ಬೇಡ. ವೆಲ್ಕ್ರೋ ಇರೋ ಪೌಚ್, ಕೀ ಗೊಂಚಲು, ಚಿಲ್ರೆ, ಬಿಸ್ಕತ್ ಪ್ಯಾಕೆಟ್ ಎಲ್ಲ ಬಿಟ್ಟು ಬಾ. ನಾನು ಮೊದಲ್ನೇ ಸಲ ಹೋದಾಗ ಜೇಬಲ್ಲಿ ಚಾಕ್ಲೇಟ್ ಕವರ್ ಇತ್ತು, ಬಗ್ಗಿದ ತಕ್ಷಣ ಚರ್ ಅಂತು, ಇಪ್ಪತ್ತು ಹೆಜ್ಜೆ ಮುಂದಿದ್ದ ಕಡವೆ ಕಾಲು ಕುಟ್ಟಿ ಢಾಂಕ್ ಅಂತ ಕೂಗಿ ಹೋಯ್ತು. ಜೊತೆಗಿದ್ದ, ಕಾಡು ಕಾಯೋ ವಾಚರ್ ಅಣ್ಣ ಒಂದು ಮಾತೂ ಆಡ್ಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ರು. ಇವತ್ತಿಗೂ ಮರೆತಿಲ್ಲ ಅದು.

ಶೂ ಈಗ್ಲೇ ತಗೋ, ಹೋಗೋ ಹೊತ್ತಿಗೆ ಪಳಗಿರ್ಬೇಕು, ಅಡಿ ತೀರಾ ದಪ್ಪ ಇದ್ರೆ ತರಗೆಲೆ ಕೆಳಗಿರೋ ಕಡ್ಡಿ ಕಾಲಿಗೆ ಗೊತ್ತಾಗಲ್ಲ. ಬೈನಾಕ್ಯುಲರ್ ಇದ್ರೆ 8 ಪಟ್ಟು ದೊಡ್ಡದಾಗಿ ತೋರಿಸೋ 8x42 ತಗೊಂಡು ಹೋಗು, ಗಂಡು ಹೆಣ್ಣು ಮರಿ ನೋಡೋಕೆ ಬೇಕಾಗುತ್ತೆ. ಕ್ಯಾಮೆರಾ ಬೇಡ. ಎಣಿಸೋ ಹೊತ್ತಲ್ಲಿ ಫೋಟೋ ತೆಗಿಯೋಕೆ ಹೋದ್ರೆ ಎರಡೂ ಕೆಡುತ್ತೆ.

ಸಾಗರದಕ್ಕ:
ತಮ್ಮಾ, ಎಲ್ಲಾರೂ ಸದ್ದಿನ ಬಗ್ಗೆ ಹೇಳ್ತಾರೆ, ನಾನು ರಕ್ತ ಹೀರೋ ಉಣ್ಣೆ ಹುಳದ ಬಗ್ಗೆ ಹೇಳ್ತೀನಿ. ನೀನು ಹೋಗ್ತಿರೋದು ಚಳಿಗಾಲದಲ್ಲಿ, ಇಂಬಳದ ಕಾಟ ಇರಲ್ಲ, ಆದ್ರೆ ಉಣ್ಣೆ ಕಚ್ಚಿ ಬರೋ ಮಂಗನ ಕಾಯಿಲೆ ಕಾಲ ಅದೇ, ಡಿಸೆಂಬರ್‌ನಿಂದ ಮೇ ತನಕ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಮೊದ್ಲು ಗೊತ್ತಾಗಿದ್ದು ಈ ಕಾಯಿಲೆ, 2019ರಲ್ಲಿ ಅರಳಗೋಡು ಕಡೆ ಮನೆಮನೇಲೂ ಜನ ಮಲಗಿದ್ದು ನಾನು ಕಣ್ಣಾರೆ ಕಂಡಿದೀನಿ. ಮರಿ ಉಣ್ಣೆ ಎಳ್ಳಿಗಿಂತ ಸಣ್ಣ, ಕಚ್ಚಿದ್ದೇ ಗೊತ್ತಾಗಲ್ಲ.

ಉದ್ದ ಕಾಲುಚೀಲ ತಗೊ, ಪ್ಯಾಂಟ್ ಅದ್ರೊಳಗೆ ತುರುಕು, ತುಂಬು ತೋಳಿನ ಅಂಗಿ ಹಾಕು. ಆರೋಗ್ಯ ಕೇಂದ್ರದಲ್ಲಿ ಉಣ್ಣೆ ಹತ್ತದಂಗೆ ಹಚ್ಚೋ ಡೇಪಾ ಎಣ್ಣೆ ಕೊಡ್ತಾರೆ, ಹೊರಡೋ ಮುಂಚೆನೇ ಕೇಳಿ ಇಸ್ಕೋ, ಕೈ ಕಾಲು ಕುತ್ತಿಗೆಗೆ ಹಚ್ಕೊಂಡು ಹೋಗು. ತರಗೆಲೆ ಮೇಲೆ ಕೂರ್ಬೇಡ. ಒಂದು ಸಣ್ಣ ಚಿಮುಟ ಬ್ಯಾಗಲ್ಲಿ ಇರ್ಲಿ, ಉಣ್ಣೆ ಕಚ್ಚಿಕೊಂಡಿದ್ರೆ ಚರ್ಮದ ಹತ್ರ ಹಿಡಿದು ನೇರ ಎಳಿ, ಬೆರಳಲ್ಲಿ ಹಿಸುಕ್ಬೇಡ, ಸುಡೋಕೆ ಹೋಗ್ಬೇಡ. ಬಂದ ತಕ್ಷಣ ಬಟ್ಟೆ ಬಿಸಿ ನೀರಿಗೆ ಹಾಕಿ ಸ್ನಾನ ಮಾಡು. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಜೊತೆಗಿರೋ ವಾಚರ್‌ಗೆ ತಿಳಿಸು. ಊರಿಗೆ ಬಂದ್ಮೇಲೆ 3ರಿಂದ 8 ದಿನದೊಳಗೆ ಜ್ವರ, ತಲೆನೋವು, ಮೈಕೈ ಮುರಿಯೋ ನೋವು ಬಂದ್ರೆ ಮಾತ್ರೆ ನುಂಗಿ ಮಲಗ್ಬೇಡ, ಡಾಕ್ಟರ್ ಹತ್ರ ಹೋಗಿ ಕಾಡಿಗೆ ಹೋಗಿದ್ದೆ ಅಂತ ಮೊದಲ ಮಾತಲ್ಲೇ ಹೇಳು.

ತುಂಗೆ_ದಡ:
ಅಕ್ಕಾ, ಉಣ್ಣೆ ವಿಷ್ಯ ನನ್ನ ತಲೆಗೇ ಬಂದಿರ್ಲಿಲ್ಲ. ನಾಳೆನೇ ಎಣ್ಣೆ ಕೇಳ್ತೀನಿ. ಜಾಕೆಟ್ ಹಾಕಿ ನಡ್ದು ನೋಡ್ದೆ, ಪಕ್ಕದ ರೂಮಲ್ಲಿದ್ದ ಅಮ್ಮಂಗೂ ಕೇಳಿಸ್ತು, ಅದನ್ನ ತಗೊಂಡು ಹೋಗಲ್ಲ. ಇನ್ನೊಂದು ಪ್ರಶ್ನೆ, ನಮ್ಮ ಮೈ ವಾಸನೆ ಪ್ರಾಣಿಗೆ ಗೊತ್ತಾಗ್ದಂಗೆ ಎಂತ ಮಾಡೋದು?

ಮಂಡಗದ್ದೆ_ಹಿರಿಯ:
ವಾಸನೆ ವಿಷ್ಯ ನಾನು ಹೇಳ್ತೀನಿ ಮಗಾ. ನಮ್ಮ ಅಜ್ಜ ಆ ಕಾಲದಲ್ಲಿ ಶಿಕಾರಿಗೆ ಹೋಗ್ತಿದ್ರು, ಅಡಗಿ ಮರಸು ಕೂರ್ತಿದ್ರು, 1972ರ ವನ್ಯಜೀವಿ ಕಾನೂನು ಬಂದ್ಮೇಲೆ ಕೋವಿ ಗೋಡೆಗೆ ನೇತಾಕಿದವರು ಮತ್ತೆ ಕಾಡಿಗೆ ಅಂತ ಇಳಿಸ್ಲಿಲ್ಲ. ಆದ್ರೆ ಪ್ರಾಣಿ ನೋಡೋದು ಬಿಡ್ಲಿಲ್ಲ, ನನ್ನನ್ನೂ ಕರ್ಕೊಂಡು ಹೋಗ್ತಿದ್ರು. ಸೊಂಟದಲ್ಲಿ ಒಂದು ಚಿಂದಿ ಬಟ್ಟೇಲಿ ಜರಡಿ ಹಿಡಿದ ಒಲೆ ಬೂದಿ ಕಟ್ಕೊಂಡಿರ್ತಿದ್ರು, ಸ್ವಲ್ಪ ಕೊಡವಿದ್ರೆ ಗಾಳಿ ಯಾವ ಕಡೆ ಅಂತ ಗೊತ್ತಾಗ್ತಿತ್ತು. ನಿನ್ನ ಕಡೆಯಿಂದ ಪ್ರಾಣಿ ಕಡೆಗೆ ಗಾಳಿ ಹೋಗ್ತಿದ್ರೆ ನೀನು ಎಷ್ಟು ಮೆತ್ತಗೆ ನಡೆದ್ರೂ ಪ್ರಯೋಜನ ಇಲ್ಲ. ಸೀಳುದಾರಿಲಿ ನೀನು ದಾರಿ ಬದಲಾಯ್ಸೋ ಹಾಗಿಲ್ಲ, ಅದು ಸರಿ, ಆದ್ರೆ ಗಾಳಿ ಬೆನ್ನಿಗಿದ್ರೆ ಇನ್ನೂ ದೂರಕ್ಕೆ ಕಣ್ಣು ಹಾಯಿಸ್ಬೇಕು ಅಂತಾದ್ರೂ ಗೊತ್ತಿರುತ್ತೆ. ಸೆಂಟು, ಪೌಡರು, ಘಮಘಮ ಸೋಪು ಹಿಂದಿನ ದಿನದಿಂದ್ಲೇ ಬಿಡು. ಬೀಡಿ ಸಿಗರೇಟು ಅಂತೂ ಬೇಡ.

ಮತ್ತೆ ಮುಸಿಯ (ಕಪ್ಪು ಮೂತಿ ಮಂಗ) ಇರೋ ಮರದ ಕೆಳಗೆ ನೋಡು, ಅವು ಚೆಲ್ಲಿದ ಚಿಗುರು ತಿನ್ನೋಕೆ ಜಿಂಕೆ ಬಂದಿರ್ತಾವೆ. ನಾಲ್ಕು ಹೆಜ್ಜೆ ನಡಿ, ನಿಲ್ಲು. ಇಡೀ ಜಿಂಕೆ ಹುಡುಕ್ಬೇಡ, ಅಲ್ಲಾಡೋ ಕಿವಿ ಹುಡುಕು. ಉದುರಿದ ಕೊಂಬು ಸಿಕ್ರೆ ಚಂದ ಇದೆ ಅಂತ ಬ್ಯಾಗಿಗೆ ಹಾಕ್ಕೊಂಡು ಬರ್ಬೇಡ, ಅದೂ ಕೇಸಾಗುತ್ತೆ.

ಹಳುವಿನ_ಹಾದಿ:
ಹಿರಿಯರು ಹೇಳಿದ ಬೂದಿ ವಿಷ್ಯ ನಂಗೂ ಹೊಸ್ದು, ಈ ಸಲ ನಾನೂ ಕಟ್ಕೊಂಡು ಹೋಗ್ತೀನಿ. ಗುರು, ಬಿಟ್ಟಿದ್ದು ಎರಡು ಮಾತು. ಕ್ಯಾಂಪಲ್ಲಿ ಕರೆಂಟ್ ಸಿಗುತ್ತೆ ಅಂತ ನಂಬ್ಕೋಬೇಡ, ಡೇಟಾ ತುಂಬೋದು ಫೋನಲ್ಲೇ, ಅದಕ್ಕೆ ಪವರ್‌ಬ್ಯಾಂಕ್ ಇರ್ಲಿ, ಮಳೆ ಇಬ್ಬನಿಗೆ ನೆನೀದಂಗೆ ಒಂದು ಸಣ್ಣ ನೋಟ್‌ಬುಕ್ಕು ಪೆನ್ಸಿಲ್ಲೂ ಕವರಲ್ಲಿ ಹಾಕಿಟ್ಕೋ. ಆನೆ ಇದಾವೆ ಅಲ್ಲಿ, ವಾಚರ್ ಕೈ ಎತ್ತಿದ್ರೆ ನಿಲ್ಲು, ಹಿಂದೆ ಬಾ ಅಂದ್ರೆ ಎಣಿಕೆ ಅರ್ಧಕ್ಕೆ ನಿಂತ್ರೂ ಪರ್ವಾಗಿಲ್ಲ ಬಂದ್ಬಿಡು. ಹೋಗಿ ಬಂದು ಎಷ್ಟು ಹಿಂಡು ಕಂಡ್ವು ಅಂತ ಇಲ್ಲೇ ಬರಿ.