ಆಟದ ವಿಡಿಯೋ: ಸ್ವರ ಕೇಳ್ತದೆ, ಚಿತ್ರ ಕಪ್ಪು

ಪೆರ್ಲದವ: ಬದಿಯಡ್ಕದ ಯಕ್ಷಗಾನ ಆಟವನ್ನು ಐಫೋನಿನಲ್ಲಿ 4ಕೆ ರೆಕಾರ್ಡ್ ಮಾಡಿದ್ದೇವೆ. ಫೋನಿನಲ್ಲಿ ಸರಿ ಉಂಟು. ವಾಚನಾಲಯದ ಲ್ಯಾಪ್‌ಟಾಪಿನಲ್ಲಿ ಚೆಂಡೆ ಕೇಳ್ತದೆ, ಚಿತ್ರ ಇಲ್ಲ, ಕೊಡೆಕ್ (ವಿಡಿಯೋ ಬಿಡಿಸುವ ತಂತ್ರಾಂಶ) ಖರೀದಿಸಿ ಅಂತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಚಿತ್ರ ಬರ್ತದೆ, ಆದರೆ ತಡೆದು ತಡೆದು. ವಿಂಡೋಸ್ 10, ಇಂಟೆಲ್ 6ನೇ ತಲೆಮಾರು. ಫೈಲು ಹಾಳಾಗಿದೆಯಾ? ಸಂಘದ ಹಳೇ ಟಿವಿಯಲ್ಲೂ ಪೆನ್‌ಡ್ರೈವ್ ಹಾಕಿ ತೋರಿಸ್ಬೇಕು.

ಕುಂಬಳೆ ಕೊಡೆಕ್: ಫೈಲಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ವಿಎಲ್‌ಸಿಯಲ್ಲಿ ಕಂಟ್ರೋಲ್-ಜೆ ಒತ್ತಿ ನೋಡಿ. ಎಚ್‌ಇವಿಸಿ (ವಿಡಿಯೋವನ್ನು ಒತ್ತಿ ಸಣ್ಣದು ಮಾಡುವ ಒಂದು ಕ್ರಮ), 10-ಬಿಟ್ (8-ಬಿಟ್‌ಗಿಂತ ಹೆಚ್ಚು ಬಣ್ಣದ ಹಂತಗಳು) ಅಂತ ಉಂಟಾ?

ಪೆರ್ಲದವ: ಹೌದು, ಎರಡೂ ಉಂಟು.

ಕುಂಬಳೆ ಕೊಡೆಕ್: ಹಾಗಾದರೆ ತೊಂದರೆ ಒಂದಲ್ಲ, ಎರಡು. 2013ರ ಎಚ್‌ಇವಿಸಿಯ ಪೇಟೆಂಟುಗಳು ಒಂದಕ್ಕಿಂತ ಹೆಚ್ಚು ಪೂಲ್‌ಗಳಲ್ಲಿ (ಹಲವರ ಪೇಟೆಂಟಿಗೆ ಒಟ್ಟಾಗಿ ಲೈಸೆನ್ಸ್ ಕೊಡುವ ಗುಂಪುಗಳಲ್ಲಿ) ಹಂಚಿಹೋಗಿವೆ, ರಾಯಲ್ಟಿ ಕಟ್ಟದೆ ಆಗ್ಲಿಕ್ಕಿಲ್ಲ. ಅದಕ್ಕೇ ವಿಂಡೋಸ್ ಸ್ಟೋರಿನಲ್ಲಿ ಅದರ ಡಿಕೋಡರಿಗೆ ದುಡ್ಡು, ಎವಿ1 ಎಂಬ ಇನ್ನೊಂದು ಕ್ರಮದ್ದು ಪುಕ್ಕಟೆ. ವಿಎಲ್‌ಸಿಗೆ ಸ್ವಂತ ಡಿಕೋಡರ್ ಉಂಟು, ಚಿತ್ರ ಬಂದದ್ದು ಹಾಗೆ.

ಚಿತ್ರ ತಡೆದು ತಡೆದು ಬರುವುದು ಚಿಪ್ಪಿನ ಸಮಸ್ಯೆ. 6ನೇ ತಲೆಮಾರು 8-ಬಿಟ್ ಎಚ್‌ಇವಿಸಿಯನ್ನು ಮಾತ್ರ ಹಾರ್ಡ್‌ವೇರಿನಲ್ಲಿ ಬಿಡಿಸ್ತದೆ, 10-ಬಿಟ್ ಪೂರ್ತಿ ಬಂದದ್ದು 7ನೆಯದರಲ್ಲಿ. ಈಗ ಎಲ್ಲಾ ಹೊರೆ ಸಿಪಿಯು ಮೇಲೆ. ಕೊಡೆಕಿಗೆ ದುಡ್ಡು ಕೊಟ್ಟರೂ ಇದು ನಿಲ್ಲುದಿಲ್ಲ, ಕೊಡ್ಬೇಡಿ.

ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ತಂತ್ರಾಂಶದಲ್ಲಿ ಹಾಕಿ: ಎನ್‌ಕೋಡರ್ ಎಚ್.264 (ಹಳೇ ಯಂತ್ರಗಳಿಗೂ ಗೊತ್ತಿರುವ ಕ್ರಮ), 1080ಪಿ, ಆರ್‌ಎಫ್ (ಗುಣಮಟ್ಟದ ಅಂಕೆ, ಕಡಿಮೆ ಇದ್ದಷ್ಟು ಚಿತ್ರ ಚೆಂದ) 20, ಧ್ವನಿ ಎಎಸಿ 192. ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅಂತ) "ಕಾನ್‌ಸ್ಟಂಟ್" ಇರಲಿ. ಫೋನಿನ ಫ್ರೇಮ್‌ರೇಟ್ ಹೆಚ್ಚುಕಮ್ಮಿ ಆಗ್ತಾ ಇರ್ತದೆ, ಕೆಲವು ಟಿವಿಗಳಲ್ಲಿ ಚೆಂಡೆಯ ಪೆಟ್ಟು ಒಂದು ಕಡೆ, ಕುಣಿತ ಒಂದು ಕಡೆ ಆಗಿಬಿಡ್ತದೆ. ಆರ್‌ಎಫ್ 26ಕ್ಕೆ ಏರಿಸಿದರೆ ಫೈಲು ಸಣ್ಣದಾಗ್ತದೆ, ಆದರೆ ದಿಗಿಣ ಹಾರುವಾಗ ಕಿರೀಟದ ಕನ್ನಡಿ ಚೂರುಗಳೆಲ್ಲ ಚೌಕ ಚೌಕ. ಎಚ್‌ಡಿಆರ್ (ಹೆಚ್ಚು ಬೆಳಕು-ಬಣ್ಣದ ರೆಕಾರ್ಡಿಂಗ್) ಇದ್ದರೆ ಬಣ್ಣ ಮಾಸಿದ ಹಾಗೆ ಕಾಣ್ತದೆ: ಫಿಲ್ಟರಿನಲ್ಲಿ ಕಲರ್‌ಸ್ಪೇಸ್ ಬಿಟಿ.709 (ಸಾಮಾನ್ಯ ಟಿವಿಯ ಬಣ್ಣ) ಆರಿಸಿ, ಒಂದು ನಿಮಿಷದ ತುಂಡು ತೆಗೆದು ಟಿವಿಯಲ್ಲಿ ನೋಡಿ, ಆಮೇಲೆ ಇಡೀ ಆಟ.

ಉಪ್ಪಳ_ಪಿಸಿ: ರಾಯಲ್ಟಿ ಇಲ್ಲದ ಎವಿ1ಕ್ಕೇ ಮಾಡ್ಬಾರದಾ? ಫೈಲೂ ಸಣ್ಣದಾಗ್ತದಲ್ಲ.

ಕುಂಬಳೆ ಕೊಡೆಕ್: ಈ ಲ್ಯಾಪ್‌ಟಾಪಿಗೆ ಬೇಡ. ಎವಿ1 ಬಂದದ್ದು 2018ರಲ್ಲಿ, ಇಂಟೆಲ್‌ನಲ್ಲಿ ಹಾರ್ಡ್‌ವೇರ್ ಡಿಕೋಡ್ 11ನೇ ತಲೆಮಾರಿನಿಂದ. ಹಳೇ ಟಿವಿಗೆ ಅದರ ಗುರುತೇ ಇಲ್ಲ. ರಾಯಲ್ಟಿ ಇಲ್ಲ ಅನ್ನುವುದೂ ಪೂರ್ತಿ ತೀರಿದ ಲೆಕ್ಕ ಅಲ್ಲ, ಸಿಸ್ವೆಲ್ ಎಂಬ ಪೇಟೆಂಟ್ ಲೈಸೆನ್ಸಿನ ಕಂಪೆನಿ 2019ರಲ್ಲೇ ಎವಿ1ಕ್ಕೂ, ವಿಪಿ9 ಎಂಬ ಇನ್ನೊಂದು ಕ್ರಮಕ್ಕೂ ಪೇಟೆಂಟ್ ಪೂಲ್ ಮಾಡಿತು. ನಮ್ಮಂಥ ನೋಡುವವರಿಗೆ ಅದರಿಂದ ಬಿಲ್ಲು ಬರ್ಲಿಕ್ಕಿಲ್ಲ ಬಿಡಿ. ಮೂಲ ಫೈಲನ್ನು ಮಾತ್ರ ಅಳಿಸ್ಬೇಡಿ.

ಪೆರ್ಲದವ: ಲ್ಯಾಪ್‌ಟಾಪಿನಲ್ಲಿ ಈಗ ನೀರು ಹರಿದ ಹಾಗೆ ಓಡ್ತದೆ. ಪೆನ್‌ಡ್ರೈವಿಗೆ ಕಾಪಿ ಆಗುದಿಲ್ಲ, 32 ಜಿಬಿಯದ್ದು, ಜಾಗ ಬೇಕಾದಷ್ಟು ಉಂಟು.

ಉಪ್ಪಳ_ಪಿಸಿ: ಅದು ಫ್ಯಾಟ್32 (ಪೆನ್‌ಡ್ರೈವಿನಲ್ಲಿ ಫೈಲು ಇಡುವ ಹಳೇ ಕ್ರಮ). ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿದರೆ ಹಳೇ ಟಿವಿ ಓದ್ಲಿಕ್ಕಿಲ್ಲ. ಪ್ರಸಂಗಕ್ಕೊಂದು ಫೈಲು ಮಾಡಿ, ಆದರೂ ದೊಡ್ಡದಾದರೆ ಹ್ಯಾಂಡ್‌ಬ್ರೇಕಿನ "ರೇಂಜ್"ನಲ್ಲಿ ಸೆಕೆಂಡು ಕೊಟ್ಟು ಎರಡು ತುಂಡು.